ಟೋಕಿಯೊ ಯೂನಿವರ್ಸಿಟಿ ಅಷ್ಟು ಬೇಗ ಹೆಂಗೆ ಬೆಳೀತು? ಹಿಸ್ಟರಿ ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ

ತುಂಗಾತೀರ

ನಮಸ್ಕಾರ ಎಲ್ರಿಗೂ. ನಮ್ಮ ಅಕ್ಕನ ಮಗಳು ಫಿಸಿಕ್ಸಲ್ಲಿ ಬಿಎಸ್ಸಿ ಮುಗಿಸೋ ಹಂತದಲ್ಲಿದಾಳೆ, ಮುಂದೆ ಓದಿದ್ರೆ ಜಪಾನಲ್ಲೇ, ಅದ್ರಲ್ಲೂ ಟೋಕಿಯೊ ಯೂನಿವರ್ಸಿಟಿಲೇ ಅಂತ ಕೂತಿದಾಳೆ. ಅಲ್ಲಿನ ಜನ ಅದನ್ನ ತೋದೈ ಅಂತ ಕರೀತಾರೆ. ಅವಳಿಗೋಸ್ಕರ ಅಂತ ನಾನೂ ಓದೋಕೆ ಶುರು ಮಾಡ್ದೆ, ಆದ್ರೆ ಅಡ್ಮಿಷನ್ ವಿಷಯಕ್ಕಿಂತ ಅದರ ಹಿಸ್ಟರಿನೇ ಹೆಚ್ಚು ಹಿಡ್ಕೊಂಡು ಬಿಡ್ತು.

ನನ್ನ ತಲೇಲಿರೋದು ಇಷ್ಟು. ಅದು ಶುರುವಾಗಿದ್ದು 1877. ನಮ್ಮ ಕಲ್ಕತ್ತಾ, ಬಾಂಬೆ, ಮದ್ರಾಸ್ ಯೂನಿವರ್ಸಿಟಿಗಳು 1857, ಅಂದ್ರೆ 20 ವರ್ಷ ನಾವೇ ಮುಂದೆ. ಆದ್ರೂ 1910ರ ಹೊತ್ತಿಗೆ ಅಲ್ಲಿನ ಪ್ರೊಫೆಸರ್‌ಗಳು ಪರಮಾಣುವಿನ ಮಾಡೆಲ್ ಕೊಡ್ತಿದ್ರು, ಭೂಕಂಪಕ್ಕೆ ಫಾರ್ಮುಲಾ ಬರೀತಿದ್ರು, ಅದೂ ಮನೆಮಾತಲ್ಲೇ ಪಾಠ ಮಾಡ್ಕೊಂಡು. ಅವ್ರಿಗೆ ಪರದೇಶದ ಆಳ್ವಿಕೆ ಇರ್ಲಿಲ್ಲ ಅನ್ನೋದು ಒಂದು ಉತ್ತರ, ಸರಿ, ಒಪ್ಕೋತೀನಿ, ಆದ್ರೆ ಅಷ್ಟೇನಾ? ಸ್ವತಂತ್ರವಾಗಿದ್ದ ದೇಶಗಳೆಲ್ಲ ಹಂಗೆ ಬೆಳೀಲಿಲ್ವಲ್ಲ. ದುಡ್ಡಾ, ಭಾಷೆನಾ, ಇಲ್ಲಾ ಪ್ಲಾನಿಂಗಾ? ಓದ್ಕೊಂಡಿರೋರು, ಅಲ್ಲಿ ಇರೋರು ದಯವಿಟ್ಟು ಬರೀರಿ, ಉದ್ದ ಆದ್ರೂ ಪರವಾಗಿಲ್ಲ.

ಹಳೇಪುಸ್ತಕ

ಒಳ್ಳೇ ಪ್ರಶ್ನೆ ತುಂಗಾತೀರ ಅವ್ರೇ. ಮೊದಲು ಆ 20 ವರ್ಷದ ಲೆಕ್ಕ ನೋಡೋಣ. 1857ರ ನಮ್ಮ ಮೂರು ಯೂನಿವರ್ಸಿಟಿಗಳು ಲಂಡನ್ ಮಾದರಿಯವು, ಸುಮಾರು ದಶಕಗಳ ಕಾಲ ಅವುಗಳ ಮುಖ್ಯ ಕೆಲಸ ಪರೀಕ್ಷೆ ಮಾಡಿ ಡಿಗ್ರಿ ಕೊಡೋದು, ಪಾಠ ಎಲ್ಲಾ ಕಾಲೇಜುಗಳಲ್ಲಿ. ತೋದೈ ಮೊದಲ ದಿನದಿಂದ್ಲೂ ಪಾಠ ಮಾಡೋ ಜಾಗ, ಲ್ಯಾಬ್ ಇರೋ ಜಾಗ. ಹೆಸ್ರು ಎರಡಕ್ಕೂ ಯೂನಿವರ್ಸಿಟಿನೇ ಆದ್ರೂ ನಡೀತಿದ್ದ ಕೆಲಸ ಬೇರೆ.

ಇನ್ನೊಂದು, 1877 ಅನ್ನೋದು ಬೋರ್ಡ್ ಹಾಕಿದ ವರ್ಷ ಅಷ್ಟೇ. ಬೇರು ಶೋಗನ್‌ಗಳ, ಅಂದ್ರೆ 1868ಕ್ಕೆ ಮುಂಚೆ ಜಪಾನನ್ನ ಆಳ್ತಿದ್ದ ಸೇನಾಧಿಪತಿಗಳ ಕಾಲಕ್ಕೆ ಹೋಗತ್ತೆ. ಪಂಚಾಂಗ ಲೆಕ್ಕ ಹಾಕೋಕೆ 1684ರಲ್ಲೇ ಒಂದು ಖಗೋಳ ಕಚೇರಿ ಇತ್ತು, ಅದರೊಳಗೆ 1811ರಲ್ಲಿ ಡಚ್ ಪುಸ್ತಕ ಅನುವಾದ ಮಾಡೋಕೆ ಒಂದು ವಿಭಾಗ ಮಾಡಿದ್ರು. ಅಮೆರಿಕಾದ ಹಡಗುಗಳು 1853ರಲ್ಲಿ ಬಂದು ನಿಂತ ಮೇಲೆ ಗಾಬರಿ ಬಿದ್ದು ಅದನ್ನ ಪಾಶ್ಚಾತ್ಯ ಪುಸ್ತಕಗಳನ್ನ ಓದಿ ಅರ್ಥ ಮಾಡ್ಕೊಳೋ ದೊಡ್ಡ ಸಂಸ್ಥೆಯಾಗಿ ಬೆಳೆಸಿದ್ರು. ಇನ್ನೊಂದು ಕಡೆ 1858ರಲ್ಲಿ ಎದೋದ (ಟೋಕಿಯೊದ ಹಳೇ ಹೆಸರು) ವೈದ್ಯರು ತಾವೇ ದುಡ್ಡು ಹಾಕಿ ಸಿಡುಬಿಗೆ ಲಸಿಕೆ ಹಾಕೋ ಒಂದು ಕೇಂದ್ರ ತೆಗೆದ್ರು. ಈ ಪುಸ್ತಕದ ಕಚೇರಿ ಬೆಳೆದು ಕೈಸೈ ಶಾಲೆ ಆಯ್ತು, ಲಸಿಕೆ ಕೇಂದ್ರ ಬೆಳೆದು ಮೆಡಿಕಲ್ ಸ್ಕೂಲ್ ಆಯ್ತು, 1877ರ ಏಪ್ರಿಲಲ್ಲಿ ಎರಡನ್ನೂ ಸೇರಿಸಿ ಟೋಕಿಯೊ ಯೂನಿವರ್ಸಿಟಿ ಅಂದ್ರು. ಕಾನೂನು, ವಿಜ್ಞಾನ, ಸಾಹಿತ್ಯ, ವೈದ್ಯಕೀಯ, ನಾಲ್ಕೇ ವಿಭಾಗ. ಮುಖ್ಯಸ್ಥ ಕಾತೊ ಹಿರೊಯುಕಿ ಅದೇ ಹಳೇ ಅನುವಾದ ಸಂಸ್ಥೆಯಿಂದ ಬಂದ ಮನುಷ್ಯ. ಅಂದ್ರೆ ಕಟ್ಟಡಕ್ಕಿಂತ ಮುಂಚೆ ಓದೋ ಜನ ತಯಾರಿದ್ರು, ಇದನ್ನ ಮರೀಬಾರ್ದು.

ಇನ್ನು ನಿಜವಾದ ಪ್ಲಾನ್ ಯಾವ್ದು ಅಂದ್ರೆ ಮೇಷ್ಟ್ರುಗಳದ್ದು. ಶುರೂಲಿ ಹೆಚ್ಚು ಕಮ್ಮಿ ಎಲ್ಲಾ ಮುಖ್ಯ ವಿಷಯಕ್ಕೂ ವಿದೇಶಿ ಪ್ರೊಫೆಸರ್‌ಗಳೇ. ವಿಜ್ಞಾನ ಇಂಗ್ಲಿಷಲ್ಲಿ, ಮೆಡಿಕಲ್ ಪೂರ್ತಿ ಜರ್ಮನಲ್ಲಿ. ಕೆಲವರಿಗೆ ಸರ್ಕಾರದ ಮಂತ್ರಿಗಳ ಸಮಕ್ಕೆ ಬರೋ ಸಂಬಳ. ಅಮೆರಿಕಾದ ಎಡ್ವರ್ಡ್ ಮೋರ್ಸ್ ಅನ್ನೋರು ಒಂಥರಾ ಚಿಪ್ಪಿನ ಜೀವಿಗಳನ್ನ ಸ್ಟಡಿ ಮಾಡೋಕೆ ಅಂತ ಸ್ವಂತ ಕೆಲಸಕ್ಕೆ 1877ರಲ್ಲಿ ಬಂದೋರು, ಬಂದೋರನ್ನ ಹಿಡಿದು ಪ್ರಾಣಿಶಾಸ್ತ್ರದ ಪ್ರೊಫೆಸರ್ ಮಾಡಿದ್ರು, ಅವರು ರೈಲಿನ ಕಿಟಕಿಯಿಂದ ಒಮೊರಿ ಅನ್ನೋ ಊರಿನ ಹತ್ರ ಚಿಪ್ಪಿನ ದಿಬ್ಬ ನೋಡಿ ಅಗೆದು ಜಪಾನಿನ ಪ್ರಾಗೈತಿಹಾಸಿಕ ಅಧ್ಯಯನವನ್ನೇ ಶುರು ಮಾಡಿಬಿಟ್ರು. ಆದ್ರೆ ಯಾರೂ ಶಾಶ್ವತ ಅಲ್ಲ. ಎಲ್ರಿಗೂ ಕಾಂಟ್ರಾಕ್ಟ್. ಅವರ ಕೈಲಿ ಕಲಿತ ಒಳ್ಳೇ ಹುಡುಗನ್ನ ಸರ್ಕಾರದ ಖರ್ಚಲ್ಲಿ ಯೂರೋಪಿಗೆ ಕಳಿಸೋದು, ಅವನು ವಾಪಸ್ ಬಂದ ಮೇಲೆ ಅದೇ ಕುರ್ಚಿ ಅವನಿಗೆ.

ಇದಕ್ಕೆ ನಂಗೆ ತುಂಬಾ ಇಷ್ಟವಾದ ಉದಾಹರಣೆ ಎಂಜಿನಿಯರಿಂಗ್ ಕಡೇದು. ಲೋಕೋಪಯೋಗಿ ಇಲಾಖೆ ಬೇರೆಯಾಗೇ ಒಂದು ಎಂಜಿನಿಯರಿಂಗ್ ಕಾಲೇಜ್ ನಡೆಸ್ತಿತ್ತು, 1873ರಲ್ಲಿ ಅದಕ್ಕೆ ಸ್ಕಾಟ್ಲೆಂಡಿನ ಹೆನ್ರಿ ಡಯರ್ ಬಂದಾಗ ಅವರಿಗೆ ಇನ್ನೂ 24 ವರ್ಷ. ಆರು ವರ್ಷದ ಕೋರ್ಸು, ಎರಡು ವರ್ಷ ಸಾಮಾನ್ಯ ವಿಷಯ, ಎರಡು ವರ್ಷ ಥಿಯರಿ, ಕೊನೇ ಎರಡು ವರ್ಷ ಪೂರ್ತಿ ಪ್ರಾಕ್ಟಿಕಲ್ ಕೆಲಸ. ಅಲ್ಲಿ ಜೊಸಾಯ ಕಾಂಡರ್ ಹತ್ರ ಆರ್ಕಿಟೆಕ್ಚರ್ ಕಲಿತ ಮೊದಲ ಬ್ಯಾಚಿನ ತತ್ಸುನೊ ಕಿಂಗೊ 1879ರಲ್ಲಿ ಪಾಸಾಗಿ ಲಂಡನ್ನಿಗೆ ಹೋಗಿ ಬಂದು 1884ರಲ್ಲಿ ತನ್ನ ಗುರುವಿನ ಜಾಗದಲ್ಲೇ ಪ್ರೊಫೆಸರ್ ಆದ್ರು. ಇವತ್ತಿನ ಟೋಕಿಯೊ ಸ್ಟೇಷನ್ನಿನ ಕೆಂಪು ಕಟ್ಟಡ ಇದ್ಯಲ್ಲ, 1914ರದ್ದು, ಅದು ಅವರ ಡಿಸೈನ್. ಅದೇ ಕಾಲೇಜಿನ ತನಾಬೆ ಸಾಕುರೊ ಬಿವಾ ಸರೋವರದಿಂದ ಕ್ಯೋಟೊಗೆ ಕಾಲುವೆ ತೆಗೆಯೋದನ್ನೇ ಥೀಸಿಸ್ ಬರೆದು, ಇಪ್ಪತ್ತರ ಆಸುಪಾಸಲ್ಲೇ ಆ ಕಾಲುವೆಯ ಉಸ್ತುವಾರಿ ತಗೊಂಡು 1890ಕ್ಕೆ ಮುಗಿಸಿ, ಮಾರನೇ ವರ್ಷ ಅದೇ ನೀರಿಂದ ಕರೆಂಟೂ ತೆಗೆದ್ರು. ನಮ್ಮ ಶಿವನಸಮುದ್ರದ ಕರೆಂಟ್ 1902. 1886ರಲ್ಲಿ ಈ ಕಾಲೇಜನ್ನ ಯೂನಿವರ್ಸಿಟಿ ಒಳಗೇ ಸೇರಿಸಿದ್ರು. ಆ ಕಾಲಕ್ಕೆ ಯೂರೋಪಿನ ದೊಡ್ಡ ದೊಡ್ಡ ಯೂನಿವರ್ಸಿಟಿಗಳೇ ಎಂಜಿನಿಯರಿಂಗನ್ನ ಕೈಕೆಲಸ ಅಂತ ದೂರ ಇಡ್ತಿದ್ವು. ನನ್ನ ಪ್ರಕಾರ ತೋದೈ ತಗೊಂಡ ಅತ್ಯುತ್ತಮ ನಿರ್ಧಾರ ಇದೇ.

ಭಾಷೆ ವಿಷಯಕ್ಕೆ ಬಂದ್ರೆ, ಜಪಾನೀಸಲ್ಲಿ ಪಾಠ ಅನ್ನೋದು ಮೊದಲ ದಿನ ಘೋಷಣೆ ಮಾಡಿ ಬಂದಿದ್ದಲ್ಲ. ಹೊರಗಡೆ ಓದಿ ಬಂದ ಜಪಾನೀ ಪ್ರೊಫೆಸರ್‌ಗಳು ಒಬ್ಬೊಬ್ಬರಾಗಿ ಕುರ್ಚಿಗೆ ಬಂದಂಗೆ ಒಂದೊಂದು ಕ್ಲಾಸೂ ಜಪಾನೀಸಿಗೆ ತಿರುಗ್ತು, ಜೊತೆಗೆ ಪಠ್ಯಪುಸ್ತಕ ಬಂತು. 1900 ದಾಟೋಷ್ಟರಲ್ಲಿ ಹೆಚ್ಚು ಕಮ್ಮಿ ಮುಗೀತು. 1903ರಲ್ಲಿ ಇಂಗ್ಲಿಷ್ ಸಾಹಿತ್ಯದ ಪಾಠಕ್ಕಿದ್ದ ಲಾಫ್ಕಾಡಿಯೊ ಹರ್ನ್ ಅವರನ್ನೂ ಬಿಟ್ಟು ಆ ಜಾಗಕ್ಕೆ ಲಂಡನ್ನಿಂದ ಬಂದ ನಾತ್ಸುಮೆ ಸೊಸೆಕಿಯನ್ನ ತಂದ್ರು. ಹುಡುಗ್ರು ಹರ್ನ್ ಬೇಕು ಅಂತ ಗಲಾಟೆ ಮಾಡಿದ್ರು, ಆದ್ರೂ ನಿಲ್ಲಿಸ್ಲಿಲ್ಲ.

ಫಿಸಿಕ್ಸಲ್ಲಿ ಮೊದಲ ಜಪಾನೀ ಪ್ರೊಫೆಸರ್ ಯಾಮಾಕಾವಾ ಕೆಂಜಿರೊ. ಅವ್ರು ಐಜು ಪ್ರಾಂತ್ಯದೋರು, ಅಂದ್ರೆ ಶೋಗನ್‌ಗಳ ನಂತರ 1868ರಲ್ಲಿ ಬಂದ ಮೇಜಿ ಚಕ್ರವರ್ತಿಯ ಹೊಸ ಸರ್ಕಾರದ ವಿರುದ್ಧ ಯುದ್ಧ ಮಾಡಿ ಸೋತ ಕಡೆಯೋರು. ಸೋತ ಕಡೆ ಹುಡುಗನನ್ನ ಗೆದ್ದ ಸರ್ಕಾರ ಅಮೆರಿಕಾದ ಯೇಲ್‌ಗೆ ಕಳಿಸಿ ಓದಿಸ್ತು, ಮುಂದೆ 1901ರಲ್ಲಿ ಅವರೇ ಯೂನಿವರ್ಸಿಟಿಯ ಅಧ್ಯಕ್ಷರಾದ್ರು. ತುಂಗಾತೀರ ಅವ್ರು ಹೇಳಿದ ಪರಮಾಣು ಮಾಡೆಲ್, ನಾಗಾವೊಕಾ ಹಂತಾರೊ ಅವರದ್ದು, 1904ರದ್ದು, ಅವರು ಓದಿದ್ದು ಇದೇ ಡಿಪಾರ್ಟ್‌ಮೆಂಟಲ್ಲಿ.

ಧಾರವಾಡ_ವೈದ್ಯ

ಹಳೇಪುಸ್ತಕ ಅವರು ಭಾಳ ಚಂದ ಬರದಾರ, ಖರೆ. ಆದ್ರ ನಾ ಒಂದು ಮಾತು ಸೇರಸ್ತೇನಿ, ಬರೇ ಏರಿಕಿ ಕಥಿ ಓದಿದ್ರ ಅರ್ಧ ಆಗತೈತಿ.

1886ರಾಗ ಅದನ್ನ ಇಂಪೀರಿಯಲ್ ಯೂನಿವರ್ಸಿಟಿ ಮಾಡಿದ್ರಲ್ಲ, ಆ ಕಾಯ್ದೆದ ಮೊದಲನೇ ಕಲಮಿನಾಗ ಬರದಿದ್ದು ಏನಂದ್ರ, ಸರ್ಕಾರದ ಅಗತ್ಯಕ್ಕ ತಕ್ಕ ವಿದ್ಯಾ ಕಲಿಸೂದು ಇದರ ಉದ್ದೇಶ ಅಂತ. ಶಿಕ್ಷಣ ಮಂತ್ರಿ ಮೋರಿ ಅರಿನೋರಿ ಕಾಲಕ್ಕ ಆಗಿದ್ದು. ಮಾರನೇ ವರ್ಷದಿಂದ ಇಲ್ಲಿ ಕಾನೂನು ಓದಿದವ್ರಿಗೆ ಸರ್ಕಾರಿ ನೌಕರಿ ಪರೀಕ್ಷಾನ ಮಾಫ್, 1893ರ ತನಕ ಹಂಗ ಇತ್ತು. ಹಿಂಗಾಗಿ ದೊಡ್ಡ ಅಧಿಕಾರಿಗಳೆಲ್ಲ ಒಂದ ಬಾಗಲದಿಂದ ಬರೂದು ರೂಢಿ ಆತು. ಇಂಥಾ ಜಾಗಾದಾಗ ಒಂದ್ ಸಲ ತಪ್ಪು ನಿಂತ್ರ ಅದನ್ನ ಎಬ್ಬಸೂದು ಭಾಳ ತ್ರಾಸ್. ಬೆರಿಬೆರಿ ರೋಗದ ಕಥಿ ಇದಕ್ಕ ಸಾಕ್ಷಿ. ನಾ ವೈದ್ಯಕೀಯದಾಂವ, ಈ ಕಥಿ ಓದಿದಾಗೆಲ್ಲ ಸಂಕಟ ಆಗತೈತಿ.

ಆವಾಗ ಜಪಾನದಾಗ ಪಾಲಿಶ್ ಮಾಡಿದ ಬಿಳಿ ಅಕ್ಕಿ ಉಣ್ಣಾವ್ರಿಗೆ ಕೈಕಾಲು ಸೋತು, ಬಾವು ಬಂದು, ಎದಿ ನಿಂತು ಸಾಯೂದು ಭಾಳ ಇತ್ತು. ನೌಕಾದಳದ ವೈದ್ಯ ತಾಕಾಕಿ ಕನೆಹಿರೊ 1880ರ ದಶಕದಾಗ ಊಟದಾಗ ತಪ್ಪೈತಿ ಅಂತ ಕಂಡುಹಿಡದು, ಜವೆಗೋದಿ, ಮಾಂಸ ಕೊಟ್ಟು ನೌಕಾದಳದಾಗ ರೋಗಾ ಬಹುತೇಕ ನಿಲ್ಲಿಸಿಬಿಟ್ಟ. ಆದ್ರ ತೋದೈ ಮೆಡಿಕಲ್ ಮಂದಿ ಜರ್ಮನಿಯಿಂದ ಬ್ಯಾಕ್ಟೀರಿಯಾ ವಿದ್ಯಾ ಕಲತು ಬಂದವ್ರು, ಇದಕ್ಕೂ ಒಂದು ಕ್ರಿಮಿನ ಕಾರಣ ಅಂತ ಹಟಾ ಹಿಡದ್ರು. ಒಗಾತಾ ಮಾಸಾನೊರಿ ಅನ್ನೋ ಪ್ರೊಫೆಸರ್ ಬೆರಿಬೆರಿ ಕ್ರಿಮಿ ಸಿಕ್ತು ಅಂತನೂ ಹೇಳಿದ್ರು. ಅದನ್ನ ತಪ್ಪು ಅಂತ ಬರ್ಲಿನ್ನಿಂದ ಬರದಾಂವ ಯಾರು? ಅದ ಮೆಡಿಕಲ್ ವಿಭಾಗದಾಗ 1883ರಾಗ ಪಾಸಾದ ಕಿತಾಸಾತೊ ಶಿಬಾಸಾಬುರೊ, ಆವಾಗ ಜರ್ಮನಿಯ ದೊಡ್ಡ ಬ್ಯಾಕ್ಟೀರಿಯಾ ವಿಜ್ಞಾನಿ ಕೋಖ್ ಅವರ ಲ್ಯಾಬಿನಾಗ ಇದ್ದಾಂವ, 1889ರಾಗ ಧನುರ್ವಾಯು ಕ್ರಿಮಿ ಶುದ್ಧವಾಗಿ ಬೆಳಸಿ ಜಗತ್ತಿಗೇ ಹೆಸರಾದಾಂವ. ಗುರುಗಳಿಗೆ ಎದುರು ಮಾತಾಡಿದ ಅಂತ ಊರಿಗೆ ಬಂದ ಮ್ಯಾಲ ಯೂನಿವರ್ಸಿಟಿದಾಗ ಜಾಗಾ ಸಿಗಲಿಲ್ಲ. ಹೆಸರಾಂತ ಲೇಖಕ, ಶಿಕ್ಷಣತಜ್ಞ ಫುಕುಜಾವಾ ಯುಕಿಚಿ ಸಹಾಯ ಮಾಡಿ 1892ರಾಗ ಬ್ಯಾರೆ ಸಂಸ್ಥಾ ಕಟ್ಟಿಕೊಟ್ರು. 2024ರಿಂದ ಜಪಾನಿನ ಸಾವಿರ ಯೆನ್ ನೋಟಿನ ಮ್ಯಾಲ ಇರೂದು ಇದ ಕಿತಾಸಾತೊ ಚಿತ್ರ.

ಭೂಸೇನಾದ ವೈದ್ಯರು ತೋದೈ ಕಡಿಯವ್ರು, ಅವ್ರು ಬಿಳಿ ಅಕ್ಕಿ ಬಿಡಲಿಲ್ಲ. 1904-05ರ ರಷ್ಯಾ ಯುದ್ಧದಾಗ ಬೆರಿಬೆರಿಯಿಂದ ಸತ್ತ ಸೈನಿಕರು ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ. ಗುಂಡಿಗೆ ಅಲ್ರಿ, ಊಟಕ್ಕ.

ಕಡೀಕೆ ಉತ್ತರ ಸಿಕ್ಕಿದ್ದೂ ಅದ ಯೂನಿವರ್ಸಿಟಿಯೊಳಗ, ಆದ್ರ ಮೆಡಿಕಲ್ ಕಡೆ ಅಲ್ಲ, ಕೃಷಿ ಕಾಲೇಜಿನಾಗ. ಸುಜುಕಿ ಉಮೆತಾರೊ 1910ರಾಗ ಅಕ್ಕಿ ತೌಡಿನಿಂದ ಬೆರಿಬೆರಿ ಗುಣ ಮಾಡೋ ಅಂಶ ತಗದ್ರು, ಇವತ್ತು ನಾವು ವಿಟಮಿನ್ ಬಿ1 ಅಂತೀವಲ್ಲ, ಅದ. ದನಕ್ಕ ಹಾಕೂ ತೌಡಿನಾಗ ಔಷಧ ಐತೇನು ಅಂತ ಮೆಡಿಕಲ್ ಮಂದಿ ಭಾಳ ವರ್ಷ ಒಪ್ಪಲೇ ಇಲ್ಲ. ತುಂಗಾತೀರ ಅವರ, ನೀವು ಪ್ಲಾನಿಂಗಾ ಅಂತ ಕೇಳಿದ್ರಲ್ಲ, ಪ್ಲಾನ್ ಅಷ್ಟರ ಮ್ಯಾಲ ಹೋಗಿದ್ರ ತೌಡಿಗೆ ಯಾರೂ ಕೈ ಹಚ್ಚತಿರಲಿಲ್ಲ. ಎಂಜಿನಿಯರಿಂಗ್, ಕೃಷಿ ಎಲ್ಲಾನೂ ಒಂದ ಯೂನಿವರ್ಸಿಟಿಯೊಳಗ ತಂದಿದ್ರಿಂದ ಒಬ್ಬರು ಎಡವಿದ ಪ್ರಶ್ನೆಕ್ಕ ಇನ್ನೊಬ್ಬರು ಕೈ ಹಾಕೂದು ಸಾಧ್ಯ ಆತು ಅಂತ ನನಗ ಅನಸತೈತಿ.

ಮೆಡಿಕಲ್ ವಿಭಾಗದಾಗ 1876ರಿಂದ ಪಾಠಾ ಮಾಡಿದ ಜರ್ಮನ್ ಡಾಕ್ಟರ್ ಎರ್ವಿನ್ ಬೇಲ್ಜ್ 1901ರಾಗ ತಮ್ಮ ಸನ್ಮಾನದ ಸಭಾದಾಗ ನಿಂತು ಇದನ್ನ ಹೇಳಿದ್ರು. ನೀವು ನಮ್ಮ ಕಡಿಂದ ವಿಜ್ಞಾನದ ಹಣ್ಣು ಅಷ್ಟ ತಗೊಂಡ್ರಿ, ಗಿಡಾ ಬೆಳಸೂದು ಹೆಂಗ ಅಂತ ಕೇಳಲಿಲ್ಲ ಅನ್ನೂ ಅರ್ಥದಾಗ. ಸನ್ಮಾನ ಮಾಡಿದವ್ರ ಮುಂದನ ಹೇಳಿದ್ರು. ಅಂಥಾ ಮಾತು ಹೇಳೂ ಗುರು ಸಿಗೂದೂ ಪುಣ್ಯ.

ತುಂಗಾತೀರ

ಡಾಕ್ಟ್ರೇ, ತೌಡಿನ ಕಥೆ ಕೇಳೇ ಇರ್ಲಿಲ್ಲ, ರಾತ್ರಿ ಮನೇಲಿ ಎಲ್ರಿಗೂ ಓದಿ ಹೇಳಿದೆ. ಹಳೇಪುಸ್ತಕ ಅವ್ರೇ, ತುಂಬಾ ಥ್ಯಾಂಕ್ಸ್. ಇನ್ನೊಂದೆರಡು ವಿಷಯ. 1923ರ ಭೂಕಂಪ, ಆಮೇಲೆ ಯುದ್ಧ, ಇವೆರಡನ್ನೂ ದಾಟಿ ಹೆಂಗೆ ಉಳೀತು? ಹುಡುಗೀರಿಗೆ ಯಾವಾಗಿಂದ ಪ್ರವೇಶ? ಅಕ್ಕ ಕೇಳ್ತಿದಾಳೆ.

ಚಿಬಾ_ಕನ್ನಡಿಗ

ನಾನು ಟೋಕಿಯೊ ಪಕ್ಕದ ಚಿಬಾದಲ್ಲಿ ಐಟಿ ಕೆಲಸದಲ್ಲಿದೀನಿ, ಊರಿಂದ ಯಾರಾದ್ರೂ ಬಂದ್ರೆ ತೋದೈನ ಮುಖ್ಯ ಕ್ಯಾಂಪಸ್ ಹೊಂಗೊ ತೋರಿಸೋಕೆ ಕರ್ಕೊಂಡು ಹೋಗ್ತೀನಿ, ನವೆಂಬರ್ ಕೊನೇಲಿ ಗಿಂಕ್ಗೊ ಮರಗಳು ಪೂರ್ತಿ ಹಳದಿ ಆಗಿರತ್ತೆ ಆವಾಗ ಬಂದ್ರೆ ಚೆನ್ನ. ಆ ಜಾಗ ಹಿಂದೆ ಕಾಗಾ ಪ್ರಾಂತ್ಯದ ಮಾಯೇದಾ ಮನೆತನದ ಎದೋ ಬಂಗಲೆ ಆಗಿತ್ತು. ಕೆಂಪು ಬಾಗಿಲು, ಅಕಾಮೊನ್ ಅಂತಾರಲ್ಲ, ಅದು 1827ರಲ್ಲಿ ಶೋಗನ್ ಮಗಳು ಆ ಮನೆಗೆ ಸೊಸೆಯಾಗಿ ಬಂದಾಗ ಕಟ್ಟಿಸಿದ್ದು. ಭೂಕಂಪ ತಡ್ಕೊಳತ್ತಾ ಅಂತ ಪರೀಕ್ಷೆಗೆ 2021ರಲ್ಲಿ ಆ ಬಾಗಿಲು ಮುಚ್ಚಿದ್ರು.

ಭೂಕಂಪದ ಶಾಸ್ತ್ರ ಬೆಳೆದಿದ್ದಕ್ಕೂ ಈ ಯೂನಿವರ್ಸಿಟಿಗೂ ಬಿಡಿಸಲಾಗದ ಸಂಬಂಧ ಇದೆ, ಅದನ್ನ ಹೇಳ್ದೆ 1923 ಹೇಳೋಕಾಗಲ್ಲ. 1880ರ ಫೆಬ್ರವರಿಲಿ ಯೊಕೊಹಾಮಾದಲ್ಲಿ ಒಂದು ಭೂಕಂಪ ಆಯ್ತು. ನಮ್ಮಂಥವರಿಗೆ ಅದು ಭಯ, ಟೋಕಿಯೊದಲ್ಲಿದ್ದ ಬ್ರಿಟಿಷ್ ಮೇಷ್ಟ್ರು ಜಾನ್ ಮಿಲ್ನ್‌ಗೆ ಅದು ಕೆಲಸ. ಅದೇ ವರ್ಷ ಭೂಕಂಪಕ್ಕೆ ಅಂತಲೇ ಒಂದು ಸಂಘ ಆಯ್ತು, ಪ್ರಪಂಚದಲ್ಲೇ ಮೊದಲನೇದು. ಮಿಲ್ನ್, ಯೂಯಿಂಗ್ ಇವ್ರೆಲ್ಲ ಸೇರಿ ಅಲುಗಾಟ ಬರೆಯೋ ಉಪಕರಣ ಮಾಡಿದ್ರು, 1886ರಲ್ಲಿ ಸೆಕಿಯಾ ಅನ್ನೋರನ್ನ ಭೂಕಂಪಶಾಸ್ತ್ರದ ಪ್ರೊಫೆಸರ್ ಮಾಡಿದ್ರು, ಪ್ರಪಂಚದಲ್ಲಿ ಎಲ್ಲೂ ಆ ಹುದ್ದೆ ಇರ್ಲಿಲ್ಲ ಆಗ. ಅವರ ನಂತರ ಒಮೊರಿ ಫುಸಾಕಿಚಿ, ಭೂಕಂಪ ಆದ್ಮೇಲೆ ಬರೋ ಸಣ್ಣ ಕಂಪನಗಳು ದಿನ ಕಳೆದಂಗೆ ಹೆಂಗೆ ಕಮ್ಮಿ ಆಗತ್ತೆ ಅಂತ 1894ರಲ್ಲಿ ಅವರು ಕೊಟ್ಟ ಸೂತ್ರ ಇವತ್ತಿಗೂ ಬಳಕೆಲಿದೆ.

ಒಮೊರಿ ಕೈಕೆಳಗೆ ಇದ್ದ ಇಮಾಮುರಾ ಆಕಿತ್ಸುನೆ 1905ರಲ್ಲೇ ಬರೆದ್ರು, ಟೋಕಿಯೊಗೆ ದೊಡ್ಡ ಭೂಕಂಪ ಬರತ್ತೆ, ಕಟ್ಟಡ ಬೀಳೋದಕ್ಕಿಂತ ಬೆಂಕಿಯಿಂದ ಹೆಚ್ಚು ಜನ ಸಾಯ್ತಾರೆ, ನೀರಿನ ಪೈಪುಗಳು ಒಡೆದು ಆರಿಸೋಕೂ ಆಗಲ್ಲ ಅಂತ. ಪತ್ರಿಕೆಗಳು ಅದನ್ನ ದೊಡ್ಡದು ಮಾಡಿ ಜನ ಗಾಬರಿ ಬಿದ್ರು, ಒಮೊರಿ ಎಲ್ಲರೆದುರೇ ಇದಕ್ಕೆ ಆಧಾರ ಇಲ್ಲ ಅಂದ್ರು. 1923 ಸೆಪ್ಟೆಂಬರ್ 1ಕ್ಕೆ ಅದು ಬಂತು, ಬಂದಾಗ ಒಮೊರಿ ಸಮ್ಮೇಳನಕ್ಕೆ ಅಂತ ಆಸ್ಟ್ರೇಲಿಯಾದಲ್ಲಿದ್ರು, ಸಿಡ್ನಿಯ ಒಂದು ವೀಕ್ಷಣಾಲಯದಲ್ಲಿ ಉಪಕರಣದ ಮುಳ್ಳು ಓಡಾಡೋದನ್ನ ಅವರೇ ನಿಂತು ನೋಡಿದ್ರು. ಆಗಲೇ ಹುಷಾರಿರ್ಲಿಲ್ಲ, ವಾಪಸ್ ಬಂದು ಎರಡು ತಿಂಗಳಲ್ಲಿ ತೀರ್ಕೊಂಡ್ರು. ಕುರ್ಚಿ ಇಮಾಮುರಾಗೆ ಬಂತು. ಇಬ್ಬರೂ ದೊಡ್ಡವರೇ, ಒಮೊರಿದು ಜನ ಗಾಬರಿ ಬೀಳಬಾರದು ಅನ್ನೋ ಕಾಳಜಿ, ಅದನ್ನ ನಾನು ಹಗುರವಾಗಿ ನೋಡಲ್ಲ, ಆದ್ರೆ ಇಮಾಮುರಾ ಮಾತು ಕೇಳಿದ್ರೆ ಎಷ್ಟು ಜೀವ ಉಳೀತಿತ್ತೋ.

ಅದೇ ಬೆಂಕಿ ಕ್ಯಾಂಪಸ್ಸಿಗೂ ಹಬ್ಬಿ ಲೈಬ್ರರಿ ಸುಟ್ಟುಹೋಯ್ತು, ಏಳು ಲಕ್ಷಕ್ಕೂ ಹೆಚ್ಚು ಪುಸ್ತಕ. ಇದ್ರಲ್ಲಿ ನಮಗೆ ಸಂಬಂಧಪಟ್ಟಿದ್ದೂ ಇತ್ತು. ಋಗ್ವೇದ ಅಚ್ಚು ಹಾಕಿಸಿದ ಮ್ಯಾಕ್ಸ್ ಮುಲ್ಲರ್ 1900ರಲ್ಲಿ ತೀರ್ಕೊಂಡ ಮೇಲೆ ಅವರ ಇಡೀ ಗ್ರಂಥಸಂಗ್ರಹನ ಮಿತ್ಸುಬಿಷಿ ಮನೆತನದ ಇವಾಸಾಕಿ ಹಿಸಾಯಾ ಕೊಂಡು ಯೂನಿವರ್ಸಿಟಿಗೆ ಕೊಟ್ಟಿದ್ರು. ಯಾಕೆ ಇಲ್ಲಿಗೆ ಅಂದ್ರೆ, ಮುಲ್ಲರ್ ಹತ್ರ ಆಕ್ಸ್‌ಫರ್ಡಲ್ಲಿ ಓದಿದ ನಾಂಜೊ ಬುನ್ಯು 1885ರಿಂದ ಇಲ್ಲಿ ಸಂಸ್ಕೃತ ಕಲಿಸ್ತಿದ್ರು, ಆಮೇಲೆ ತಾಕಾಕುಸು ಜುಂಜಿರೊ ಬಂದ್ರು, ಅವರೂ ಆಕ್ಸ್‌ಫರ್ಡಿನೋರೇ. ಆ ಸಂಗ್ರಹ ಆ ಬೆಂಕೀಲಿ ಹೋಯ್ತು. ಪುಸ್ತಕ ಪ್ರೀತಿ ಇರೋರಿಗೆ ಇದು ಓದೋಕೇ ಆಗಲ್ಲ. ಆಮೇಲೆ ಜಗತ್ತಿನ ಎಷ್ಟೋ ಕಡೆಯಿಂದ ಪುಸ್ತಕ ಬಂತು, ಅಮೆರಿಕಾದ ರಾಕ್‌ಫೆಲರ್ 40 ಲಕ್ಷ ಯೆನ್ ಕೊಟ್ರು, 1928ಕ್ಕೆ ಈಗಿರೋ ಲೈಬ್ರರಿ ಎದ್ದು ನಿಂತ್ತು. ಭೂಕಂಪ ಸಂಶೋಧನಾ ಸಂಸ್ಥೆ 1925ರಲ್ಲಿ ಶುರುವಾಯ್ತು. ಕ್ಯಾಂಪಸ್ಸಿನ ಗುರುತಾಗಿರೋ ಯಾಸುದಾ ಸಭಾಂಗಣ, ಗಡಿಯಾರ ಗೋಪುರದ್ದು, ಅದೂ 1925.

ಯುದ್ಧದ ಕಾಲ ಕೆಟ್ಟದ್ದು. 1935ರಲ್ಲಿ, ಇಲ್ಲಿ ಸಂವಿಧಾನದ ಪ್ರೊಫೆಸರ್ ಆಗಿದ್ದ ಮಿನೊಬೆ ತಾತ್ಸುಕಿಚಿ ಚಕ್ರವರ್ತಿ ಕೂಡ ರಾಜ್ಯದ ಒಂದು ಅಂಗ ಅಂತ ಬರೆದಿದ್ದಕ್ಕೆ ಅವರ ಪುಸ್ತಕಗಳನ್ನ ನಿಷೇಧ ಮಾಡಿದ್ರು. 1937ರಲ್ಲಿ ಚೀನಾ ಯುದ್ಧ ಟೀಕಿಸಿದ ಯಾನಾಯಿಹಾರಾ ತಾದಾವೊ ರಾಜೀನಾಮೆ ಕೊಡಬೇಕಾಯ್ತು. 1943ರಲ್ಲಿ ಆರ್ಟ್ಸ್ ಹುಡುಗರನ್ನೂ ಕ್ಲಾಸಿಂದ ಎಬ್ಬಿಸಿ ಸೈನ್ಯಕ್ಕೆ ಕಳಿಸಿದ್ರು. ಯುದ್ಧ ಮುಗಿದ್ಮೇಲೆ ಯಾನಾಯಿಹಾರಾ ವಾಪಸ್ ಬಂದು 1951ರಲ್ಲಿ ಅಧ್ಯಕ್ಷರೇ ಆದ್ರು. 1947ರಲ್ಲಿ ಇಂಪೀರಿಯಲ್ ಅನ್ನೋ ಪದ ತೆಗೆದ್ರು, 1949ರಲ್ಲಿ ಕೊಮಾಬಾದಲ್ಲಿದ್ದ ಹಳೇ ಹೈಸ್ಕೂಲನ್ನ ಸೇರಿಸ್ಕೊಂಡ್ರು. ಈಗಲೂ ಡಿಗ್ರಿ ಸೇರೋ ಸುಮಾರು ಮೂರು ಸಾವಿರ ಹುಡುಗ್ರೂ ಮೊದಲು ಕೊಮಾಬಾದಲ್ಲಿ ಸಾಮಾನ್ಯ ವಿಷಯ ಓದಿ ಆಮೇಲೇ ಡಿಪಾರ್ಟ್‌ಮೆಂಟ್ ಆರಿಸ್ಕೊಳೋದು.

ಹುಡುಗೀರಿಗೆ 1946ರಲ್ಲಿ ಬಾಗಿಲು ತೆಗೆದಿದ್ದು, ಮೊದಲ ಸಲ 19 ಜನ. ಸೆಂದಾಯಿಯ ತೊಹೊಕು ಯೂನಿವರ್ಸಿಟಿ 1913ರಲ್ಲೇ ಮೂರು ಹೆಣ್ಣುಮಕ್ಕಳನ್ನ ಸೇರಿಸ್ಕೊಂಡಿತ್ತು, ತೋದೈ ಅಷ್ಟು ತಡ. ಇವತ್ತಿಗೂ ಡಿಗ್ರಿ ಮಟ್ಟದಲ್ಲಿ ಐದರಲ್ಲಿ ಒಬ್ಬಳು ಅಷ್ಟೇ, ಇದು ನಂಗೆ ತುಂಬಾ ಬೇಜಾರು ತರೋ ವಿಷಯ. ಅಕ್ಕನಿಗೆ ಇದನ್ನ ಮುಚ್ಚಿಡಬೇಡಿ, ಹುಡುಗಿ ಎಲ್ಲಾ ತಿಳ್ಕೊಂಡೇ ಬರಲಿ.

1968-69 ಬಗ್ಗೆ ಯಾರೂ ಹೇಳ್ಲಿಲ್ಲ. ಮೆಡಿಕಲ್ ಹುಡುಗರ ಇಂಟರ್ನ್‌ಶಿಪ್ ವ್ಯವಸ್ಥೆ ವಿಷಯದಲ್ಲಿ ಶುರುವಾದ ಸ್ಟ್ರೈಕು, ಯಾಸುದಾ ಸಭಾಂಗಣದಲ್ಲಿ ಕೂತಿದ್ದ ಹುಡುಗರ ಮೇಲೆ ಅಧ್ಯಕ್ಷರು ಪೊಲೀಸ್ ಕರೆಸಿದ್ರಿಂದ ಇಡೀ ಯೂನಿವರ್ಸಿಟಿಗೇ ಹತ್ಕೊಂಡ್ತು. 1969 ಜನವರಿ 18, 19ಕ್ಕೆ ಎಂಟು ಸಾವಿರಕ್ಕೂ ಹೆಚ್ಚು ಪೊಲೀಸರು ಸಭಾಂಗಣ ಮುತ್ತಿ ಖಾಲಿ ಮಾಡಿಸಿದ್ರು, ದೇಶವೆಲ್ಲ ಟಿವಿಲಿ ನೋಡ್ತು. ಆ ವರ್ಷ ಎಂಟ್ರನ್ಸ್ ಪರೀಕ್ಷೆನೇ ನಡೀಲಿಲ್ಲ.

ಬಂಗಾರಪೇಟೆ_ಫಿಸಿಕ್ಸ್

ಫಿಸಿಕ್ಸ್ ಹುಡುಗಿ ಅಂದ್ರಲ್ಲ, ಅದಕ್ಕೇ ಬರೀತಿದೀನಿ, ನಮ್ಮ ಕೆಜಿಎಫ್ (ಕೋಲಾರದ ಚಿನ್ನದ ಗಣಿ) ವಿಷಯ ಇಲ್ದೆ ಈ ಥ್ರೆಡ್ ಪೂರ್ತಿ ಆಗಲ್ಲ.

ತೋದೈಗೆ ಬಂದ ಫಿಸಿಕ್ಸ್ ನೊಬೆಲ್‌ಗಳಲ್ಲಿ ಎರಡು ಗಣಿಯೊಳಗಿಂದ ಬಂದವು. ಗಿಫು ಕಡೆ ಬೆಟ್ಟದಲ್ಲಿ ಕಾಮಿಯೊಕಾ ಅನ್ನೋ ಸತುವಿನ ಗಣಿ, ಭೂಮಿಯಿಂದ ಸಾವಿರ ಮೀಟರ್ ಕೆಳಗೆ ಪ್ರೊಫೆಸರ್ ಕೊಶಿಬಾ ಮಾಸಾತೊಶಿ 3,000 ಟನ್ ನೀರಿನ ಟ್ಯಾಂಕ್ ಕಟ್ಟಿ ಸುತ್ತ ಬೆಳಕು ಹಿಡಿಯೋ ದೊಡ್ಡ ದೊಡ್ಡ ಟ್ಯೂಬ್ ಕೂರಿಸಿದ್ರು, 1983ರಲ್ಲಿ ಶುರು. ಉದ್ದೇಶ ಪ್ರೋಟಾನ್ ಒಡೆಯತ್ತಾ ಅಂತ ನೋಡೋದು. ಅದು ಕಾಣಲೇ ಇಲ್ಲ, ಇವತ್ತಿಗೂ ಯಾರಿಗೂ ಕಂಡಿಲ್ಲ. ಆದ್ರೆ ನೀರನ್ನ ಇನ್ನೂ ಶುದ್ಧ ಮಾಡಿ ಯಂತ್ರ ಸೂಕ್ಷ್ಮ ಮಾಡ್ಕೊಂಡಿದ್ರು, 1987 ಫೆಬ್ರವರಿ 23ಕ್ಕೆ ಪಕ್ಕದ ಗೆಲಾಕ್ಸಿಲಿ ಸ್ಫೋಟಗೊಂಡ ನಕ್ಷತ್ರದಿಂದ ಹೊರಟ ನ್ಯೂಟ್ರಿನೊಗಳಲ್ಲಿ (ಏನನ್ನೂ ತಾಕದೆ ಹಾದುಹೋಗೋ ಅತಿ ಸಣ್ಣ ಕಣಗಳು) 11 ಈ ಟ್ಯಾಂಕಲ್ಲಿ ಸಿಕ್ಕವು, ಹದಿಮೂರು ಸೆಕೆಂಡಲ್ಲಿ. ಕೊಶಿಬಾ ರಿಟೈರ್ ಆಗೋಕೆ ಬಾಕಿ ಇದ್ದಿದ್ದು ಒಂದು ತಿಂಗಳ ಚಿಲ್ಲರೆ. 2002ರಲ್ಲಿ ನೊಬೆಲ್ ಬಂತು. ಚಿಕ್ಕಂದಿನಲ್ಲಿ ಪೋಲಿಯೊ ಆಗಿದ್ದ ಮನುಷ್ಯ, ಡಿಗ್ರಿಲಿ ಮಾರ್ಕ್ಸ್ ತುಂಬಾ ಕಮ್ಮಿ, ಆ ಮಾರ್ಕ್ಸ್ ಪಟ್ಟಿನ ತೋದೈ ಹುಡುಗರ ಮುಂದೆ ತಾವೇ ತೋರಿಸಿದ್ದಾರೆ.

ಆಮೇಲೆ 50,000 ಟನ್ನಿನ ಸೂಪರ್ ಕಾಮಿಯೊಕಾಂದೆ, 1996ರಲ್ಲಿ. ಎರಡೇ ವರ್ಷದಲ್ಲಿ ಕೊಶಿಬಾ ಶಿಷ್ಯ ಕಾಜಿತಾ ತಾಕಾಅಕಿ ನ್ಯೂಟ್ರಿನೊಗಳು ದಾರೀಲಿ ಒಂದು ಬಗೆಯಿಂದ ಇನ್ನೊಂದು ಬಗೆಗೆ ಬದಲಾಗತ್ತೆ, ಅಂದ್ರೆ ಅವಕ್ಕೆ ತೂಕ ಇದೆ ಅಂತ ತೋರಿಸಿದ್ರು, ಅದಕ್ಕೆ 2015ರಲ್ಲಿ ನೊಬೆಲ್. ಕಾಜಿತಾ ಡಿಗ್ರಿ ಮಾಡಿದ್ದು ತೋದೈಲಿ ಅಲ್ಲ, ಸೈತಾಮಾ ಯೂನಿವರ್ಸಿಟಿಲಿ, ಮಾಸ್ಟರ್ಸ್‌ಗೆ ತೋದೈಗೆ ಬಂದೋರು. ಹುಡುಗಿಗೆ ಇದನ್ನ ಹೇಳಿ. ಮಧ್ಯ 2001ರಲ್ಲಿ ಒಂದು ಟ್ಯೂಬ್ ಒಡೆದು ಅದರ ಅಲೆಗೆ ಸುಮಾರು ಏಳು ಸಾವಿರ ಟ್ಯೂಬ್ ಒಂದೇ ಸಲ ಪುಡಿಯಾದವು, ಮುಖ್ಯಸ್ಥರಾಗಿದ್ದ ತೊತ್ಸುಕಾ ಯೋಜಿ ತಕ್ಷಣ ಮತ್ತೆ ಕಟ್ತೀವಿ ಅಂದ್ರು, ಕಟ್ಟಿದ್ರು. 2008ರಲ್ಲಿ ಅವರು ಕ್ಯಾನ್ಸರಿಂದ ಹೋಗ್ಬಿಟ್ರು, ಇದ್ದಿದ್ರೆ ಆ ವೇದಿಕೆ ಮೇಲೆ ಅವರೂ ಇರ್ತಿದ್ರು ಅಂತ ಹೇಳೋರು ಎಷ್ಟೋ ಜನ.

ಈಗ ಕೆಜಿಎಫ್. ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೊಗಳ ಗುರುತು ಮೊದಲು ಕಂಡ ಜಾಗಗಳಲ್ಲಿ ನಮ್ಮ ಕೋಲಾರದ ಗಣಿ ಒಂದು, 1965ರಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ. ಮುಂಬೈನ ಟಾಟಾ ಸಂಶೋಧನಾ ಸಂಸ್ಥೆ ಟಿಐಎಫ್ಆರ್, ಜಪಾನಿನ ಒಸಾಕಾ ಸಿಟಿ ಯೂನಿವರ್ಸಿಟಿ, ಇಂಗ್ಲೆಂಡಿನ ಡರ್ಹಮ್, ಮೂವರ ಕೆಲಸ. ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅದರ ಮುಖ್ಯರಲ್ಲಿ ಒಬ್ಬರು, ಭಾಭಾ ಹೇಳಿ 1950ರ ದಶಕದ ಶುರೂಲೇ ಆ ಗಣಿಗೆ ಇಳಿದಿದ್ದೋರು. ಜಪಾನ್ ಕಡೆಯಿಂದ ಮಿಯಾಕೆ ಸಾಬುರೊ. ಇದೇ ತಂಡ 1980ರ ಹೊತ್ತಿಗೆ ಪ್ರೋಟಾನ್ ಒಡೆಯೋದನ್ನ ಹುಡುಕೋಕೆ ಕೆಜಿಎಫಲ್ಲಿ 140 ಟನ್ನಿನ ಕಬ್ಬಿಣದ ಪ್ಲೇಟುಗಳ ಯಂತ್ರ ಕೂರಿಸ್ತು, ಕಾಮಿಯೊಕಾಗಿಂತ ಮುಂಚೆ. ಆ ಹೊತ್ತಿಗೆ ಮಿಯಾಕೆ ತೋದೈನ ಕಾಸ್ಮಿಕ್ ಕಿರಣ ಸಂಸ್ಥೆಗೆ ಸೇರಿದೋರು, ಪೇಪರ್‌ಗಳಲ್ಲಿ ತೋದೈ ಹೆಸರೂ ಕೆಜಿಎಫ್ ಹೆಸರೂ ಒಟ್ಟಿಗೆ ಅಚ್ಚಾಗಿದೆ. 1990ರ ದಶಕದ ಶುರೂಲಿ ಪ್ರಯೋಗ ನಿಂತ್ತು, 2001ರಲ್ಲಿ ಗಣಿ ಮುಚ್ಚಿತು, ಶಾಫ್ಟಲ್ಲಿ ನೀರು ತುಂಬಿದೆ. ಆ ಕಡೆ ಕಾಮಿಯೊಕಾದಲ್ಲಿ ಈಗ ಮೂರನೇ ಟ್ಯಾಂಕ್ ಕಟ್ತಿದಾರೆ, 2 ಲಕ್ಷ 60 ಸಾವಿರ ಟನ್. ನಮ್ಮ ಊರಿನ ಮಕ್ಕಳಿಗೆ ಇದು ಪಾಠದಲ್ಲಿ ಬರಲೇಬೇಕು, ನಾನಂತೂ ಪ್ರತಿ ವರ್ಷ ನನ್ನ ಕ್ಲಾಸಲ್ಲಿ ಹೇಳ್ತೀನಿ.

ಹಳೇಪುಸ್ತಕ

ವಾಹ್, ಕೆಜಿಎಫ್ ಭಾಗ ಓದಿ ಖುಷಿ ಆಯ್ತು. ಧಾರವಾಡದ ಡಾಕ್ಟರ್ ಹೇಳಿದ್ದನ್ನ ನಾನು ಒಪ್ತೀನಿ, ಆದ್ರೆ ಒಂದು ಸೇರಿಸ್ತೀನಿ. ಕಿತಾಸಾತೊನೂ, ಸುಜುಕಿನೂ, ಇಮಾಮುರಾನೂ ಅದೇ ಯೂನಿವರ್ಸಿಟಿ ಓದಿಸಿದ ಮಕ್ಕಳು. ಒಳಗೇ ಎದುರು ಮಾತಾಡೋಷ್ಟು ಓದಿದ ಜನ ಎರಡು ತಲೆಮಾರಲ್ಲಿ ತಯಾರಾದ್ರು, ಯಾಕಂದ್ರೆ ಕುರ್ಚಿಗಳನ್ನ ಬೇಗ ಸ್ಥಳೀಯರಿಗೆ ಕೊಟ್ರು. ನಮ್ಮಲ್ಲಿ ಜಗದೀಶ್ ಚಂದ್ರ ಬೋಸ್ ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಲ್ಲಿ 1885ರಲ್ಲಿ ಸೇರಿದಾಗ ಇಂಗ್ಲಿಷರಿಗಿಂತ ಕಮ್ಮಿ ಸಂಬಳ ಕೊಟ್ಟಿದ್ದಕ್ಕೆ ವರ್ಷಗಟ್ಟಲೆ ಸಂಬಳನೇ ಮುಟ್ಟದೆ ಪಾಠ ಮಾಡಿದ್ರು. ಅದೇ ಹೊತ್ತಲ್ಲಿ ತತ್ಸುನೊ ಗುರುವಿನ ಕುರ್ಚೀಲಿ ಕೂತಿದ್ರು. ತುಂಗಾತೀರ ಅವ್ರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದೇ. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿ ಬಂದಿದ್ರು, ಅಲ್ಲಿ ಶಿಕ್ಷಣಕ್ಕೆ ಕೊಡೋ ಮಹತ್ವ ಅವರ ಮನಸ್ಸಲ್ಲಿ ಉಳೀತು, 1916ರಲ್ಲಿ ಅವರು ದಿವಾನರಾಗಿದ್ದಾಗ್ಲೇ ಮೈಸೂರು ಯೂನಿವರ್ಸಿಟಿ ಶುರುವಾಗಿದ್ದು.

ತುಂಗಾತೀರ

ಎಲ್ರಿಗೂ ಮನಸಾರೆ ಧನ್ಯವಾದ. ಹುಡುಗಿ ಕಾಜಿತಾ ವಿಷಯ ಓದಿ ಕುಣೀತಿದಾಳೆ. ಚಿಬಾದವ್ರೇ, ಖರ್ಚು ಮತ್ತೆ ಭಾಷೆ ಬಗ್ಗೆ ಎರಡು ಮಾತು?

ಚಿಬಾ_ಕನ್ನಡಿಗ

2004ರಿಂದ ರಾಷ್ಟ್ರೀಯ ಯೂನಿವರ್ಸಿಟಿಗಳನ್ನ ಸರ್ಕಾರದಿಂದ ಬೇರ್ಪಡಿಸಿ ಸ್ವಾಯತ್ತ ನಿಗಮ ಮಾಡಿದಾರೆ, ದುಡ್ಡಿನ ಒತ್ತಡ ಜಾಸ್ತಿ ಆಗಿದೆ. ತುಂಬಾ ವರ್ಷ ವರ್ಷಕ್ಕೆ 5,35,800 ಯೆನ್ ಇದ್ದ ಫೀಸನ್ನ 2025ರಿಂದ ಡಿಗ್ರಿಗೆ ಸೇರೋರಿಗೆ 6,42,960 ಮಾಡಿದ್ರು, ಹುಡುಗ್ರು ಪ್ರತಿಭಟನೆ ಮಾಡಿದ್ರು. ಮಾಸ್ಟರ್ಸ್‌ಗೆ ಜಪಾನ್ ಸರ್ಕಾರದ ಮೆಕ್ಸ್ಟ್ ಸ್ಕಾಲರ್‌ಶಿಪ್ ಇದೆ, ದೆಹಲಿ ರಾಯಭಾರ ಕಚೇರಿ ಮೂಲಕ ಹಾಕಬಹುದು, ಸಿಕ್ಕಿದ್ರೆ ಫೀಸೂ ಇಲ್ಲ, ತಿಂಗಳ ಖರ್ಚಿಗೂ ಕೊಡ್ತಾರೆ. ಫಿಸಿಕ್ಸ್ ಲ್ಯಾಬುಗಳಲ್ಲಿ ಇಂಗ್ಲಿಷಲ್ಲಿ ಕೆಲಸ ನಡಿಯತ್ತೆ, ಆದ್ರೆ ಮನೆ ಬಾಡಿಗೆ, ಆಸ್ಪತ್ರೆ, ಬ್ಯಾಂಕು ಎಲ್ಲಾ ಜಪಾನೀಸೇ. ಅರ್ಜಿ ಹಾಕೋಕೆ ಮುಂಚೆ ತನಗೆ ಇಷ್ಟವಾದ ಪ್ರೊಫೆಸರ್ ಯಾರು, ಅವರ ಈಚಿನ ಪೇಪರ್ ಏನು ಅಂತ ಓದಿ ಅವರಿಗೆ ನೇರ ಮೇಲ್ ಬರೆಯೋಕೆ ಹೇಳಿ, ಇಲ್ಲಿ ಅದೇ ಮೊದಲ ಹೆಜ್ಜೆ. ಜಪಾನೀಸ್ ಅಕ್ಷರಮಾಲೆ ಹಿರಗಾನ ಕತಕಾನ ಈಗಿಂದಲೇ ಶುರು ಮಾಡ್ಲಿ. ಬಂದಾಗ ಹೇಳಿ, ಸ್ಟೇಷನ್ನಿಗೆ ನಾನೇ ಬರ್ತೀನಿ.